ಇನ್ನೊಂದು ದುಂಡು

ಡಾಕ್ಟರ್ ತಬಸ್ಸುಮ್ ಕಾಗದದ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ದುಂಡು ಬಿಡಿಸುತ್ತ ತಲೆಮಾರಿನಿಂದ ತಲೆಮಾರಿಗೆ ಕೆಳಗಿಳಿದು ಬಂದರು. ಕಟ್ಟಕಡೆಯ ದುಂಡಿಗೆ ಕಪ್ಪು ತುಂಬಿದರು. ಅದು ಸನ್ಮತಿ. ಆರು ವರ್ಷದ ಆ ಹುಡುಗಿ ಕಿವಿಯ ಮಷೀನು ಸರಿಮಾಡಿಕೊಳ್ಳುತ್ತ ಪೆನ್ನು ಓಡುವುದನ್ನೇ ನೋಡುತ್ತಿದ್ದಳು.

"ರಕ್ತದ ರಿಪೋರ್ಟ್ ಬಂದೈತ್ರಿ. ಕಿವಿ ಕೇಳದ್ದು ಹುಟ್ಟತಾನ ಬಂದದ್ದು. ಅಪ್ಪನ ಕಡಿಂದ ಒಂದು, ಅವ್ವನ ಕಡಿಂದ ಒಂದು, ದೋಷ ಎರಡೂ ಇಕಿಯೊಳಗ ಕೂಡ್ಯಾವು. ನಿಮಗ ಗಂಡಾ ಹೆಂಡ್ತಿಗೆ ಒಂದೊಂದ ಇದ್ದದ್ದಕ್ಕ ನಿಮ್ಮ ಕಿವಿ ಚಲೋ ಅದಾವು."

"ಹಂಗಾರ ಎಣ್ಣಿ?" ಎಂದಳು ತಾಯಿ ರೂಪಾಲಿ. ಪಕ್ಕದಲ್ಲಿದ್ದ ಅತ್ತೆ ಕುಸುಮಳ ಕಡೆ ನೋಡಲಿಲ್ಲ. "ಕೂಸಿದ್ದಾಗ ನೀರ ಹಾಕುಮುಂದ ಅತ್ತಿ ಕಿವ್ಯಾಗ ಬಿಸಿ ಕೊಬ್ರಿ ಎಣ್ಣಿ ಬಿಡ್ತಿದ್ರರಿ."

"ಬಿಡಬಾರದ್ರಿ, ಅದು ಬ್ಯಾರೆ ಮಾತು. ಇದು ಎಣ್ಣಿಯಿಂದ ಆದದ್ದಲ್ಲ."

ಕುಸುಮ ಕೈಯಲ್ಲಿದ್ದ ಸೆರಗನ್ನು ಬಿಟ್ಟಳು. ಶಿರಗುಪ್ಪಿಯ ಅವರ ಓಣಿಯ ಅರ್ಧ ಕೂಸುಗಳು ಅವಳ ಚಾಚಿದ ಕಾಲ ಮೇಲೆ ಮಿಂದಿದ್ದವು. ಎರಡು ವರ್ಷದ ಸನ್ಮತಿ ಬೆನ್ನ ಹಿಂದೆ ತಾಟು ಬಿದ್ದರೂ ತಿರುಗದೆ ಹೋದ ದಿನದಿಂದ, ಎಣ್ಣೆಯೇ ಕಾರಣವೆಂದು, ಕೂಸಿಗೆ ನೀರು ಹಾಕಲು ಯಾರೂ ಕುಸುಮಳನ್ನು ಕರೆಯಲಿಲ್ಲ. ಮೊಮ್ಮಗಳ ತಲೆ ಮುಟ್ಟಲು ರೂಪಾಲಿಯೂ ಬಿಡಲಿಲ್ಲ. ಜಡೆ ಹಾಕುವುದನ್ನು ಕುಸುಮ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು, ಅಷ್ಟೆ.

ಈಗ ಎದ್ದು ಮನೆಗೆ ಹೋಗಬಹುದಿತ್ತು. ಆದರೆ ಕಣ್ಣು ಕಾಗದ ಬಿಟ್ಟು ಕದಲಲಿಲ್ಲ. ಮೇಲಿನ ಚೌಕ ಅವಳ ಅಪ್ಪ. ಅಲ್ಲಿಂದ ಎರಡು ಗೆರೆ, ಅವಳಿಗೊಂದು, ಅವಳ ಅಣ್ಣನಿಗೊಂದು. ಅವಳ ಕೆಳಗೆ ಮಗ ಶ್ರೇಣಿಕ, ಅಣ್ಣನ ಕೆಳಗೆ ರೂಪಾಲಿ. ಅಣ್ಣನ ಮಗಳಿರುವಾಗ ಹೊರಗಿನ ಹೆಣ್ಣು ಯಾಕೆಂದು ಸಕ್ಕರೆ ಹಿಡಿದು ಅಣ್ಣನ ಬಾಗಿಲಿಗೆ ಹೆಣ್ಣು ಕೇಳಲು ಹೋದವಳು ಅವಳೇ. ಅಪ್ಪನ ಚೌಕದ ಪಕ್ಕ ಖಾಲಿ ಇತ್ತು. ಮನೆತನದಲ್ಲಿ ಬೇರೆ ಕಿವುಡರಿದ್ದರೇ ಎಂದು ಡಾಕ್ಟರು ಹೋದ ಸಲ ಕೇಳಿದಾಗ "ಯಾರೂ ಇಲ್ರಿ" ಅಂದಿದ್ದಳು.

"ಇನ್ನೊಂದ ದುಂಡ ತಗೀರಿ, ಡಾಕ್ಟರ ಬಾಯಿ. ನಮ್ಮಪ್ಪನ ಬಾಜೂಕ. ಅವನ ತಂಗಿ, ಚಂಪಾತ್ತಿ. ಅದನ್ನೂ ಕರ್ರಗ ತುಂಬ್ರಿ."

ರೂಪಾಲಿ ಈಗ ತಿರುಗಿದಳು. "ಯಾವ ಚಂಪಾತ್ತಿ? ನಮ್ಮಪ್ಪ ಒಮ್ಮೀನೂ ಹೇಳಿಲ್ಲಲಾ."

"ಹೆಂಗ ಹೇಳ್ತಾನ? ಹುಡಿಗ್ಯಾರ ಲಗ್ನದ ಸೋಯರಿಕಿ ಮುರೀತಾವ, ಆಕಿ ಹೆಸರ ಎತ್ತಬ್ಯಾಡ್ರಿ ಅಂತ ಆಣಿ ಹಾಕಿಸಿದ್ರು. ಜ್ವರಕ್ಕ ಕಿವಿ ಹೋದ್ವು ಅಂತಿದ್ರು. ನಾನೂ ನಂಬಿದ್ನಿ." ಕುಸುಮ ಸೆರಗು ಸರಿಮಾಡಿಕೊಂಡಳು. "ಗೊತ್ತಿದ್ರ ನಿನ್ನ ಕೇಳಾಕ ಬರ್ತಿದ್ದಿಲ್ಲ, ರೂಪಾ. ಏನೋ, ಬರ್ತಿದ್ನೇನೋ."

ಡಾಕ್ಟರು ಮೇಲಿನ ಚೌಕದ ಪಕ್ಕ ದುಂಡು ಬರೆದು ಕಪ್ಪು ತುಂಬಿದರು.

ಹೊರಗಿನ ಬೆಂಚಿನಲ್ಲಿ ಅತ್ತೆ ಸೊಸೆ ನಡುವೆ ಜಾಗ ಬಿಟ್ಟು ಕೂತರು. ಮಿರಜದ ಆ ಆಸ್ಪತ್ರೆಯ ಗೇಟಿನ ಆಚೆ ಕಬ್ಬಿನ ಟ್ರ್ಯಾಕ್ಟರೊಂದು ನಿಧಾನವಾಗಿ ಹೋಯಿತು. ಕುಸುಮಳ ಮೂಗಿಗೆ ತವರಿನ ಬೆಲ್ಲದ ಗಾಣದ ಹೊಗೆ ಬಂದಂತಾಯಿತು. ಕುದಿಯುವ ಕಬ್ಬಿನ ಹಾಲಿನ ಕೊಪ್ಪರಿಗೆಯ ಹಿಂದೆ ಚಂಪಾತ್ತಿ ಚಿಕ್ಕ ಕುಸುಮಳನ್ನು ಎಳೆದು ನಿಲ್ಲಿಸಿಕೊಳ್ಳುತ್ತಿದ್ದಳು. ಅಂಗೈ ಬಿಚ್ಚಿಸಿ ಬೆರಳಿಂದ ಒಂದು ದುಂಡು ಬರೆದು, ಆ ಬೆರಳನ್ನು ತನ್ನ ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದಳು. ಬಿಸಿ ಬೆಲ್ಲ ಎಂದರ್ಥ. ಮನೆಯಲ್ಲಿ ಅದು ತಿಳಿಯುತ್ತಿದ್ದುದು ಕುಸುಮಳೊಬ್ಬಳಿಗೇ. ಅವಳಿಗೆ ಹನ್ನೆರಡು ವರ್ಷವಾದಾಗ ಚಂಪಾತ್ತಿ ಸತ್ತಳು. ಆಮೇಲೆ ಆ ಮಾತನ್ನು ಆಡಲು ಯಾರೂ ಉಳಿಯಲಿಲ್ಲ.

ಸನ್ಮತಿ ಬಂದು ನಡುವಿನ ಜಾಗದಲ್ಲಿ ಕೂತಳು. ಕುಸುಮ ಸೊಸೆಯ ಮುಖ ನೋಡಿದಳು. ನಂತರ ಮೊಮ್ಮಗಳ ಅಂಗೈ ಬಿಚ್ಚಿ ಒಂದು ದುಂಡು ಬರೆದು, ಬೆರಳನ್ನು ನಾಲಿಗೆಗೆ ಇಟ್ಟುಕೊಂಡಳು.

ಹುಡುಗಿ ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಅಜ್ಜಿಯ ಕೈ ಎಳೆದು, ಅದರ ತುಂಬ ಹಿಡಿಸುವಷ್ಟು ದೊಡ್ಡ ದುಂಡು ಬರೆದಳು.

"ಜಡಿ ಸಡಲ ಆಗೇತಿ ಆಕೀದು," ಎಂದಳು ರೂಪಾಲಿ, ಗೇಟಿನ ಕಡೆ ನೋಡುತ್ತ. ಚೀಲದಿಂದ ಬಾಚಣಿಗೆ ತೆಗೆದು ಬೆಂಚಿನ ಮೇಲೆ, ಅತ್ತೆಯ ಕೈಗೆ ಎಟುಕುವಲ್ಲಿ ಇಟ್ಟಳು.