ಗುಡ್ಡದಲ್ಲಿ ಏನೂ ಇಲ್ಲ ಅಂದ ಪುಡಿಯಣ್ಣ

ಇಲಿ ಕಾಟಕ್ಕೆ ಬೆಕ್ಕು ಸಾಕುತ್ತಾರೆ. ಈ ಊರಿನಲ್ಲಿ ಇಲಿ ಬಂದರೆ ಬೆಕ್ಕೇ ಎದ್ದು ದಾರಿ ಬಿಡುತ್ತಿತ್ತು.

ಹಿಟ್ಟಿನ ಗಿರಣಿಯವನಿಗೆ ಊರಿಟ್ಟ ಹೆಸರು ಪುಡಿಯಣ್ಣ. ಕಾಳನ್ನಷ್ಟೇ ಅಲ್ಲ, ಎದುರಿಗಿದ್ದವರ ಮಾತನ್ನೂ ಪುಡಿ ಮಾಡಿ ಕಳಿಸುತ್ತಿದ್ದ. ಈಗ ಅವನ ಗಿರಣಿಯೇ ಮತ್ತೆ ನಿಂತಿತ್ತು. ಮೋಟಾರಿನ ವೈರನ್ನು ಇಲಿಗಳು ಕಡಿದು ಹಾಕಿದ್ದವು. ಜನ ಕಾಳಿನ ಚೀಲ ಹೊತ್ತು ಪಕ್ಕದೂರಿಗೆ ಹೋಗತೊಡಗಿದ್ದರು. ಹೀಗೇ ಆದರೆ ಗಿರಣಿಗೆ ಬೀಗವೇ ಗತಿ.

ರಿಪೇರಿಗೆ ಬಂದವಳು ಹೆಂಡತಿಯ ತಂಗಿ. ವಿದ್ಯುತ್ ಕಚೇರಿಯಲ್ಲಿ ಕಂಬ ಹತ್ತುವ ಕೆಲಸ ಅವಳದು.

"ಭಾವ, ವೈರ್ ನಾನು ಹಾಕ್ತೀನಿ. ಇಲಿ ಹಿಡಿಯೋ ಗೂಬೆ, ನರಿ ಎಲ್ಲಿಂದ ತರ್ಲಿ?"

"ನನ್ನ ಇಲಿಗೂ ನರಿಗೂ ಏನೇ ಸಂಬಂಧ?"

"ಹುಲ್ಲುಗುಡ್ಡದ ಈಚೆ ಮಗ್ಗುಲು ಕೆರೆದು ಸೋಲಾರ್ ಹಾಕಿದ್ರಲ್ಲ. ನರಿ ಬಿಲ ಮುಚ್ಚಿಹೋಯ್ತು, ಗೂಬೆ ಕೂರ್ತಿದ್ದ ಮರ ಉರುಳ್ತು. ಅದಕ್ಕೆ ಅನುಮತಿ ಕೊಡೋ ಮುಂಚೆ ನಡೆದ ಸಭೆಯಲ್ಲಿ 'ಇಲ್ಲಿ ಪ್ರಾಣಿ ಪಕ್ಷಿ ಇದಾವಾ' ಅಂತ ಕೇಳ್ದಾಗ, ಎದ್ದು ನಿಂತು 'ಏನೂ ಇಲ್ಲ' ಅಂದಿದ್ದು ಯಾರು?"

"ಊರೆಲ್ಲಾ ಅಂತು! ಇದೆ ಅಂದ್ರೆ ಅರಣ್ಯದೋರು ಬಂದು ಬೇಲಿ ಹಾಕ್ತಾರೆ, ದನ ಬಿಡೋಕೂ ಬಿಡಲ್ಲ ಅಂತ ಭಯ. ನನ್ನೊಬ್ಬನ ಮೇಲೆ ಗೂಬೆ ಕೂರಿಸ್ಬೇಡ."

"ಕೂರಿಸೋಕೆ ಗೂಬೆ ಎಲ್ಲುಳಿದಿದೆ ಭಾವ?"

ಹೆಂಡತಿ ಕಿಸಕ್ಕನೆ ನಕ್ಕಳು. "ಬೇಲಿ ಏನು ತಪ್ತಾ? ಕಂಪನಿಯೋರು ಹಾಕಿದ್ರು."

"ಹಂಗಾದ್ರೆ ಕರೆಂಟೇ ಬೇಡ್ವಾ?" ಪುಡಿಯಣ್ಣ ನಾದಿನಿಯ ಮೇಲೆ ರೇಗಿದ. "ನಿನ್ನ ಹೊಟ್ಟೆ ತುಂಬ್ತಿರೋದೇ ಅದ್ರಿಂದ!"

"ಬೇಕು ಭಾವ. ಆದ್ರೆ ಬಿಸಿಲೇನು ಗುಡ್ಡದ ಮೇಲೆ ಮಾತ್ರ ಬೀಳುತ್ತಾ? ಮುಚ್ಚಿದ ಕಲ್ಲುಕ್ವಾರಿ ಹಾಳು ಬಿದ್ದಿದೆ, ಗೋದಾಮಿನ ಸೂರುಗಳಿದಾವೆ. ಮೊದಲು ಅಲ್ಲಿ ಹಾಕಿ ಅನ್ನಿ. ಗುಡ್ಡವೇ ಬೇಕು ಅಂದ್ರೆ, ಗೂಡು ಬಿಲ ಇರೋ ಜಾಗ ಬಿಡಿ, ಮರಿ ಮಾಡೋ ಕಾಲದಲ್ಲಿ ಯಂತ್ರ ತರಬೇಡಿ, ಬೇಲಿ ಅಡಿ ನರಿ ನುಸುಳೋವಷ್ಟು ಸಂದಿ ಬಿಡಿ ಅನ್ನಿ. ಇವನ್ನೆಲ್ಲ ಅನುಮತಿಗೆ ಷರತ್ತಾಗಿ ಹಾಕಿಸಬಹುದು. ಹೋದ ಸಲ ಪ್ರಾಣಿ ನೋಡೋಕೆ ಬಂದೋರು ಜೀಪಿಂದ ಇಳೀಲೇ ಇಲ್ಲ. ಮಟಮಟ ಮಧ್ಯಾಹ್ನ ಗೂಬೆ ಬಂದು ಸಲಾಂ ಹೊಡೆಯುತ್ತಾ? ಎಲ್ಲಾ ಕಾಲದಲ್ಲೂ, ಬೆಳಗ್ಗೆ ಸಂಜೆ ಬಂದು ನೋಡಿ ಅನ್ನಿ. ಈಗ ಗುಡ್ಡದ ಆಚೆ ಮಗ್ಗುಲಿಗೂ ಸೋಲಾರ್ ಹಾಕ್ತಾರಂತೆ, ಅದಕ್ಕೆ ನಾಳೆನೇ ಸಭೆ."

"ಊರೆದುರು ನನ್ನ ಮಾತು ನಾನೇ ನುಂಗ್ಲಾ?"

"ಗಿರಣೀನ ಇಲಿ ನುಂಗೋಕ್ ಮುಂಚೆ ನುಂಗಿ" ಎಂದಳು ಹೆಂಡತಿ.

ಮರುದಿನ ಸಭೆಯಲ್ಲಿ ಅದೇ ಪ್ರಶ್ನೆ ಬಂತು. ಪುಡಿಯಣ್ಣ ಎದ್ದ. "ಆಚೆ ಮಗ್ಗುಲಲ್ಲಿ ಇದಾವೆ ಸ್ವಾಮಿ. ನರಿ, ಗೂಬೆ, ನೆಲದಲ್ಲಿ ಮೊಟ್ಟೆ ಇಡೋ ಹಕ್ಕಿ, ಎಲ್ಲಾ." ನಾದಿನಿ ಹೇಳಿಕೊಟ್ಟ ಷರತ್ತುಗಳನ್ನೂ ಒಂದೊಂದಾಗಿ ಕೇಳಿದ.

ಅಧಿಕಾರಿ ಕನ್ನಡಕ ಇಳಿಸಿ ನೋಡಿದರು. "ಹೋದ ಸಲ ನೀವೇ ಅಲ್ವಾ, ಏನೂ ಇಲ್ಲ ಅಂದಿದ್ದು?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

"ನಾನೇ. ಆವತ್ತು ಇದ್ವು, ಇಲ್ಲ ಅಂದೆ. ಇವತ್ತು ಈಚೆ ಮಗ್ಗುಲಿಗೆ ಹೋಗಿ ನೋಡಿ, ನಿಜವಾಗ್ಲೂ ಇಲ್ಲ. ನನ್ನ ಸುಳ್ಳನ್ನ ಕಷ್ಟಪಟ್ಟು ನಿಜ ಮಾಡ್ಬಿಟ್ರಿ."

ದನ ಕಾಯುವ ಮುದುಕಿ ಎದ್ದು, "ಆಚೆ ಮಗ್ಗುಲಲ್ಲಿ ಇದಾವೆ, ನಾನೂ ನೋಡಿದೀನಿ" ಎಂದಳು. ಆಮೇಲೆ ಒಬ್ಬೊಬ್ಬರಾಗಿ ಎದ್ದರು. ಎಲ್ಲ ಕಾಲದಲ್ಲೂ ನೋಡಿ ಮುಗಿಸುವವರೆಗೆ ಆಚೆ ಮಗ್ಗುಲನ್ನು ಮುಟ್ಟುವುದಿಲ್ಲ, ಕ್ವಾರಿಯನ್ನೂ ಪರಿಶೀಲಿಸುತ್ತೇವೆ ಎಂದು ಅಧಿಕಾರಿ ಒಪ್ಪಿದರು.

ಸಂಜೆ ಪುಡಿಯಣ್ಣ ಗಿರಣಿ ಬಾಗಿಲಲ್ಲಿ ನಿಂತು ಈಚೆ ಮಗ್ಗುಲಿಗೆ ಕಿವಿಗೊಟ್ಟ. ಗೂಬೆ ಕೂಗಲಿಲ್ಲ. ಒಳಗೆ, ಹೊಸ ವೈರಿನ ಹತ್ತಿರ, ಏನೋ ಪರಪರ ಅಂದಿತು.

ನಿಮ್ಮೂರಿನ ಬಯಲಿಗೂ ಒಂದು ದಿನ ಈ ಪ್ರಶ್ನೆ ಬರುತ್ತದೆ. ಸಭೆಗೆ ಹೋಗಿ, ಕಂಡದ್ದನ್ನು ಕಂಡ ಹಾಗೆ ಹೇಳಿ. ಕರೆಂಟು ಕೇಳಿ, ಅದನ್ನು ಎಲ್ಲಿ, ಹೇಗೆ ಮಾಡುತ್ತೀರಿ ಅಂತಲೂ ಕೇಳಿ. ನರಿಗೆ ಅಲ್ಲಿ ಯಾರೂ ಕುರ್ಚಿ ಹಾಕುವುದಿಲ್ಲ. ನೀವು 'ಏನೂ ಇಲ್ಲ' ಅಂದರೆ ಸಾಕು, ಇಲ್ಲದಂತೆ ಮಾಡುವವರು ಬಾಗಿಲಲ್ಲೇ ನಿಂತಿರುತ್ತಾರೆ.