ಹುಲಿಗೆವ್ವನ ಎಡಗಾಲು

ನಾನು ಒಂದು ಕಾಲು. ಎಡಗಾಲು, ಅದರಲ್ಲೂ ಮೊಣಕಾಲಿನಿಂದ ಕೆಳಗಿನ ಭಾಗ ಮಾತ್ರ. ನಾನು ಹುಟ್ಟಿದ್ದು ರಕ್ತಮಾಂಸದಿಂದಲ್ಲ, ಕಚ್ಚಾ ತೈಲದಿಂದ. ಇದನ್ನು ಹೇಳಿಕೊಳ್ಳಲು ನನಗೆ ಎಳ್ಳಷ್ಟೂ ನಾಚಿಕೆಯಿಲ್ಲ.

ಕೋಟ್ಯಂತರ ವರ್ಷಗಳ ಹಿಂದೆ ಕಡಲಲ್ಲಿ ಸತ್ತ ಸೂಕ್ಷ್ಮ ಜೀವಿಗಳು ಕೆಸರಿನಡಿ ಹೂತು, ಬೆಂದು, ಕಪ್ಪು ಎಣ್ಣೆಯಾದವು. ಆ ಎಣ್ಣೆಯೊಳಗೆ ನಾನಿದ್ದೆ. ನಮ್ಮನ್ನು ಹಡಗಿನಲ್ಲಿ ತಂದು, ಕುಲುಮೆಯಲ್ಲಿ ಕಾಯಿಸಿ, ತೆಂಗಿನ ಮರಕ್ಕಿಂತ ಎತ್ತರದ ಗೋಪುರಕ್ಕೆ ಬಿಟ್ಟರು. ಅಲ್ಲಿ ಹಗುರಾದವು ಮೇಲೇರಿದವು, ಭಾರದವು ಕೆಳಗುಳಿದವು. ತುದಿಯಿಂದ ಅಡುಗೆ ಅನಿಲ ಹೊರಟಿತು. ಅದರ ಕೆಳಗೆ ಪೆಟ್ರೋಲು, ಅದರಂಥದೇ ತೆಳು ಎಣ್ಣೆಯಾದ ನಾಫ್ತಾ. ಆಮೇಲೆ ಸೀಮೆಎಣ್ಣೆ, ಡೀಸೆಲ್ಲು. ತೀರಾ ತಳದಲ್ಲಿ, ಆವಿಯಾಗಲು ಒಪ್ಪದೆ ಕುಳಿತದ್ದು ಡಾಂಬರು. ಎಲ್ಲರೂ ನನ್ನ ಒಡಹುಟ್ಟಿದವರೇ.

ನಾನು ನಾಫ್ತಾದ ಪಾಲಿಗೆ ಬಂದೆ. ಎಂಟುನೂರು ಡಿಗ್ರಿ ಬಿಸಿಯಲ್ಲಿ, ಹಬೆಯ ಜೊತೆ ನನ್ನನ್ನು ಓಡಿಸಿದರು. ನನ್ನ ಉದ್ದನೆಯ ಸರಪಳಿಗಳು ಚೂರಾದವು. ಉಳಿದದ್ದು ಎಥಿಲೀನ್ ಎಂಬ ಅನಿಲ. ಅದರ ಒಂದೊಂದು ಕಣದಲ್ಲೂ ಇಂಗಾಲದ ಎರಡೇ ಪರಮಾಣು, ಎರಡೂ ಕೈಯಿಂದ ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿದ್ದವು. ಆಗ ವೇಗವರ್ಧಕವೆಂಬ ಪುಡಿ ಬಂದು ಒಂದು ಕೈಯನ್ನು ಬಿಡಿಸಿತು. ಬಿಟ್ಟ ಕೈ ಸುಮ್ಮನಿರುತ್ತದೆಯೇ? ಪಕ್ಕದ ಕಣದ ಕೈ ಹಿಡಿಯಿತು. ಅದು ಇನ್ನೊಂದರದು. ಹೀಗೆ ಸಾವಿರ ಸಾವಿರ ಕೈಗಳು ಸೇರಿ ಸರಪಳಿಯಾಯಿತು. ನಾನು ಪಾಲಿಥೀನ್ ಆದೆ. ಮೊದಲು ಅಕ್ಕಿಕಾಳಿನಂಥ ಬಿಳಿ ಹರಳು, ಆಮೇಲೆ ದಪ್ಪ ಗೋಡೆಯ ಕೊಳವೆ.

ನೀರು ಸಾಗಿಸುವುದೇ ನನ್ನ ಹಣೆಬರಹ ಎಂದುಕೊಂಡಿದ್ದೆ. ಆದರೆ ಕೊಪ್ಪಳದಲ್ಲಿ ಕೃತಕ ಕಾಲು ತಯಾರಿಸುವ ಒಂದು ಕಾರ್ಖಾನೆಯವರು ನನ್ನನ್ನು ಕೊಂಡರು. ಅಲ್ಲಿನ ಕುಶಲಕರ್ಮಿ ಜಬ್ಬಾರ್ ನನ್ನಿಂದ ಒಂದೂವರೆ ಅಡಿ ಕತ್ತರಿಸಿ, ಒಲೆಯಲ್ಲಿ ಮೆತ್ತಗಾಗುವವರೆಗೆ ಕಾಯಿಸಿ, ಬಿಳಿ ಅಚ್ಚೊಂದರ ಮೇಲೆ ಎಳೆದು ಕೂರಿಸಿದ. ಅದು ಹುಲಿಗೆವ್ವ ಎಂಬ ಹೆಂಗಸಿನ ಮೋಟುಗಾಲಿನ ಅಚ್ಚು. ಕೆಳಗೆ ರಬ್ಬರಿನ ಪಾದ ಜೋಡಿಸಿದ. ನಾನು ಕಾಲಾದೆ.

ಹುಲಿಗೆವ್ವನಿಗೆ ಮೂವತ್ತೆಂಟು ವರ್ಷ. ರಸ್ತೆಗೆ ಡಾಂಬರು ಹಾಕುವ ಕೂಲಿ ಅವಳದು. ಹಿಂದಕ್ಕೆ ಬಂದ ಟಿಪ್ಪರ್ ಅವಳ ಕಾಲನ್ನು ನುಜ್ಜುಗುಜ್ಜು ಮಾಡಿತ್ತು. ನನ್ನನ್ನು ತೊಟ್ಟು ಎರಡು ಹೆಜ್ಜೆ ಇಟ್ಟವಳೇ ಬಿದ್ದಳು.

"ನನ್ನ ಕೈಲಿ ಆಗಂಗಿಲ್ಲ ಬಿಡಪಾ" ಎಂದಳು.

ಜಬ್ಬಾರ್ ತನ್ನ ಪ್ಯಾಂಟನ್ನು ಮೊಣಕಾಲಿನವರೆಗೆ ಎತ್ತಿ ತೋರಿಸಿದ. ಅವನದೂ ನನ್ನಂಥದೇ ಕಾಲು. "ಹನ್ನೆರಡು ವರ್ಷ ಆತವ್ವ. ಬೆಳಗಿನಿಂದ ನಿನ್ನ ಮುಂದ ಓಡ್ಯಾಡಾಕ ಹತ್ತೇನಿ, ಗೊತ್ತಾತೇನು ನಿನಗ?"

ಹುಲಿಗೆವ್ವ ಬಹಳ ಹೊತ್ತು ಅವನ ಕಾಲನ್ನೇ ನೋಡಿದಳು. ಆಮೇಲೆ ಗೋಡೆ ಹಿಡಿಯದೆ ಎದ್ದಳು.

ಎರಡು ತಿಂಗಳ ಮೇಲೆ ಅವಳು ರಸ್ತೆ ಕೆಲಸದ ಜಾಗಕ್ಕೆ ಹೋದಳು. ಮೇಸ್ತ್ರಿ ಅಮರಪ್ಪ ಅವಳ ಮುಖ ನೋಡಲಿಲ್ಲ, ನನ್ನನ್ನೇ ನೋಡಿದ.

"ಪ್ಲಾಸ್ಟಿಕ್ ಕಾಲು ಕಟಗೊಂಡು ಕಡಿ ಹೊರತೀಯೇನು? ಮನ್ಯಾಗ ಕುಂದ್ರು. ಪಿಂಚಣಿ ಬರತೈತಿ."

"ಪಿಂಚಣಿ ಬಂದ್ರ ಬರಲಿ, ಅದು ಬ್ಯಾರೆ ಮಾತು. ನನ್ನ ಬುಟ್ಟಿ ಎಲ್ಲೈತಿ?"

ಅವಳು ಕಡಿಕಲ್ಲಿನ ಬುಟ್ಟಿ ಹೊತ್ತು ರಸ್ತೆಯ ಏರಿ ಹತ್ತಿದಳು. ಜೊತೆಯ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಏಳು ಬುಟ್ಟಿ ಆದಮೇಲೆ ಅಮರಪ್ಪ, "ಆತು, ನಾಳೆ ಬಾ" ಎಂದ. ಆ ಸಂಜೆ ಮೋಟುಗಾಲಿಗೆ ಹಾಕಿದ್ದ ಕಾಲುಚೀಲ ಕಳಚಿದಾಗ ರಕ್ತ ಅಂಟಿತ್ತು. ನನ್ನ ಅಂಚೇ ಅವಳನ್ನು ಕೊಯ್ದಿತ್ತು. ಅಂದು ನನಗಾದ ಸಂಕಟ ಯಾವ ಕುಲುಮೆಯಲ್ಲೂ ಆಗಿರಲಿಲ್ಲ. ಜಬ್ಬಾರ್ ಅಂಚನ್ನು ಬಿಸಿಮಾಡಿ ಹೊರಕ್ಕೆ ಬಾಗಿಸಿದ. ಕಾಯಿಸಿದರೆ ಬಾಗುವುದು, ಆರಿದರೆ ಗಟ್ಟಿಯಾಗುವುದು ನನ್ನ ಜಾತಿಯ ಗುಣ. ಮೂರನೆಯ ದಿನ ಮತ್ತೆ ಕೆಲಸಕ್ಕೆ ಹೋದೆವು.

ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಡಾಂಬರು ಸುರಿಯುವ ಡಬ್ಬಿ ಒಬ್ಬಳ ಕೈಯಿಂದ ಜಾರಿತು. ಕುದಿಯುವ ಡಾಂಬರು ನೇರವಾಗಿ ನನ್ನ ಮೇಲೆ ಬಿತ್ತು. ಹೆಂಗಸರೆಲ್ಲ ಕಿರುಚಿದರು. ಅಮರಪ್ಪ ನೀರಿನ ಕೊಡ ಹಿಡಿದು ಓಡಿ ಬಂದ. ನನ್ನ ಚರ್ಮ ಮೆತ್ತಗಾಗಿ ಒಂದು ಕಡೆ ತಗ್ಗು ಬಿತ್ತು. ಆದರೆ ಒಳಗಿದ್ದ ಹುಲಿಗೆವ್ವನ ಮೋಟುಗಾಲಿಗೆ ಬರೀ ಬೆಚ್ಚಗಾಯಿತು.

ಎಲ್ಲರೂ ನಿಟ್ಟುಸಿರು ಬಿಟ್ಟು ನಕ್ಕರು. ಅವಳು ನಗಲಿಲ್ಲ. ಸುತ್ತ ನಿಂತವರ ಕಾಲುಗಳನ್ನು ನೋಡಿದಳು. ಸವೆದ ಹವಾಯಿ ಚಪ್ಪಲಿ, ಬಟ್ಟೆ ಸುತ್ತಿದ ಪಾದ, ಒಬ್ಬಳದಂತೂ ಬರಿಗಾಲು.

"ಮೇಸ್ತ್ರಿ, ನನಗರ ಈ ಕಾಲು ಐತಿ. ಇವರ ಕಾಲ ಮ್ಯಾಲೆ ಬಿದ್ದಿದ್ರ?"

"ಬಿದ್ದಿಲ್ಲಲ್ಲ, ನಡೀರಿ ಕೆಲಸಕ್ಕ."

"ಎಲ್ಲಾರಿಗೂ ಬೂಟು ತರಸು. ಬೂಟು ಬರೂತನಕ ನಾ ಏಳಂಗಿಲ್ಲ."

ಅವಳು ಅಲ್ಲೇ ಕಡಿರಾಶಿಯ ಮೇಲೆ ಕುಳಿತು ನನ್ನನ್ನು ಮುಂದಕ್ಕೆ ಚಾಚಿದಳು. ಡಬ್ಬಿ ಜಾರಿಸಿದವಳು ಬಂದು ಪಕ್ಕದಲ್ಲಿ ಕುಳಿತಳು. ಆಮೇಲೆ ಬರಿಗಾಲಿನವಳು. ಹದಿನಾಲ್ಕು ಮಂದಿಯೂ ಕುಳಿತರು. ಗುತ್ತಿಗೆದಾರ ಜೀಪಿನಲ್ಲಿ ಬಂದು, "ನಾಳಿಂದ ಬ್ಯಾರೆ ಊರಿನ ಆಳು ತರಸತೀನಿ" ಎಂದು ಗದರಿದ. ಹುಲಿಗೆವ್ವ, "ಅವರಿಗೂ ಕಾಲು ಇರತಾವಲ್ರೀ ಸಾವಕಾರ್ರ" ಎಂದಳು. ಡಾಂಬರು ಡ್ರಮ್ಮಿನಲ್ಲೇ ಹೆಪ್ಪುಗಟ್ಟಿತು. ಎರಡು ದಿನ ಕೆಲಸ ನಿಂತಿತು. ಮೂರನೆಯ ದಿನ ಬೂಟುಗಳ ಚೀಲ ಬಂತು. ಅಮರಪ್ಪನೇ ಅಳತೆ ನೋಡಿ ಹಂಚಿದ.

ಅಂದು ಅವಳು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ನನ್ನ ಮೇಲಿನ ಡಾಂಬರನ್ನು ಉಜ್ಜಿ ತೆಗೆದಳು. ಒಂದೇ ಎಣ್ಣೆಯ ಮಕ್ಕಳು. ಒಂದು ಇನ್ನೊಂದನ್ನು ಸುಲಭವಾಗಿ ಕರಗಿಸಿತು.

ಐದು ವರ್ಷ ಅವಳನ್ನು ಹೊತ್ತೆ. ಕೊನೆಗೆ ಪಾದ ಜೋಡಿಸಿದ್ದ ಮೊಳೆಯ ಬಳಿ ಸೀಳು ಬಿತ್ತು. ಈಗ ಜಬ್ಬಾರನ ಕಾರ್ಖಾನೆಯ ಮೂಲೆಯಲ್ಲಿ ಒಂದು ಗೋಣಿಚೀಲದಲ್ಲಿದ್ದೇನೆ.

ನನ್ನ ಜಾತಿ ಮಣ್ಣಲ್ಲಿ ಕೊಳೆಯುವುದಿಲ್ಲ ಎಂದು ಜನ ಬೈಯುತ್ತಾರೆ. ಕೊಳೆಯುವುದಿಲ್ಲ, ನಿಜ. ನೂರಾರು ವರ್ಷ ಬಾಳುವ ವಸ್ತುವನ್ನು ಮಾಡಿ, ಅದರಲ್ಲಿ ಒಂದು ಚಹಾ ಕುಡಿದು ಚರಂಡಿಗೆ ಎಸೆಯುವವರು ಯಾರು? ಆ ಪಾಪವನ್ನು ನನ್ನ ತಲೆಗೆ ಕಟ್ಟಬೇಡಿ. ನಾನು ಹೊತ್ತದ್ದು ಒಬ್ಬ ಹೆಂಗಸನ್ನು. ತಲೆಯ ಮೇಲೆ ಬುಟ್ಟಿಯಿದ್ದಾಗ ಬುಟ್ಟಿಯ ಸಮೇತ ಹೊತ್ತಿದ್ದೇನೆ.

ಹುಲಿಗೆವ್ವ ಇವತ್ತು ಹೊಸ ಕಾಲು ತೊಟ್ಟಳು. "ಹಳೇದು ಮನಿಗೆ ಒಯ್ಯತೀಯೇನವ್ವ?" ಎಂದು ಜಬ್ಬಾರ್ ಕೇಳಿದ.

"ಒಯ್ದು ಪೂಜಿ ಮಾಡ್ಲೇನು? ಕರಗಸಾಕ ಕಳಸಪಾ, ಯಾವದಕ್ಕರ ಬರತೈತಿ. ನನಗ ಹೊತ್ತಾತು, ರಸ್ತಿ ಕೆಲಸದ ಗ್ಯಾಂಗು ಕಾಯಾಕ ಹತ್ತೈತಿ."

ಅವಳು ಹೊರಟಳು. ಹೊರಗೆ ಆರು ಮೆಟ್ಟಿಲಿವೆ, ಪಕ್ಕದಲ್ಲಿ ಹಿಡಿದು ಇಳಿಯಲು ಕಬ್ಬಿಣದ ಕಂಬಿಯಿದೆ. ನಾನು ಚೀಲದೊಳಗಿಂದಲೇ ಕಿವಿಗೊಟ್ಟೆ. ಆರು ಹೆಜ್ಜೆಯ ಸದ್ದು ಕೇಳಿತು; ಕಂಬಿಗೆ ಬಳೆ ತಾಗಿದ ಸದ್ದು ಒಂದೂ ಕೇಳಲಿಲ್ಲ.