ಮುಖದ ಗುಂಡಿ

ಅಂಗೈಯಲ್ಲಿ ನಾಲ್ಕು ತೂತು, ಅಲ್ಲ, ತೂತು ಗುಂಡಿಯದು, ಅಂಗೈಯಲ್ಲಿರುವುದು ಅದರ ಅಚ್ಚು, ಬೆಳಿಗ್ಗೆ ಕೋಟಿನಿಂದ ಕತ್ತರಿಸಿ ತೆಗೆದಾಗಿನಿಂದ ಮುಷ್ಟಿ ಬಿಚ್ಚಿಲ್ಲ, ಬಿಚ್ಚಿದರೆ ಪಕ್ಕದ ಕುರ್ಚಿಯಲ್ಲಿರುವ ಮಾವ ನೋಡುತ್ತಾರೆ, ನೋಡುವುದಿಲ್ಲ, ಅವರ ಕಣ್ಣು ಟಿವಿಯ ಮೇಲಿದೆ, ಟಿವಿಯಲ್ಲಿ ಛತ್ರಿ ಸಿನಿಮಾ ಶುರುವಾಗಿ ಹತ್ತು ನಿಮಿಷವಾಯಿತು, ಕಪ್ಪುಬಿಳುಪಿನ ಜನ ಬಾಗಿಲು ತೆರೆದು ಬರುತ್ತಾರೆ, ಬಾಗಿಲು ಹಾಕಿಕೊಂಡು ಹೋಗುತ್ತಾರೆ, ಯಾರೂ ಕೂರುವುದಿಲ್ಲ. ಹಾಲಿವುಡ್ಡಿನಲ್ಲಿ ಕುರ್ಚಿಗಳಿಗೆ ಬರ ಕಣೇ, ಎಂದಿದ್ದ ಅವನು, ನನ್ನ ಗಂಡ. ಸಿನಿಮಾಕ್ಕೊಂದು ಇಂಗ್ಲಿಷ್ ಹೆಸರಿದೆ, ಆ ಹೆಸರು ಹಿಡಿದು ನಾವು ಯಾವತ್ತೂ ಕರೆದಿಲ್ಲ, ಛತ್ರಿ ಸಿನಿಮಾ, ಅಷ್ಟೆ. ಈಗ ಎರಡೂ ಮುಕ್ಕಾಲು. ನಾಲ್ಕಕ್ಕೆ ಭಾವ ಬರುತ್ತಾರೆ, ವಕೀಲರ ಜೊತೆ. ಅವರು ಬರುವ ಮೊದಲೇ ಬಂದಿದೆ ಕಾಗದ, ಮೇಜಿನ ಮೇಲೆ, ಫ್ಯಾನಿನ ಗಾಳಿಗೆ ಹಾರದ ಹಾಗೆ ಅದರ ಮೇಲೊಂದು ಪೆನ್ನು. ಅಂಗಡಿಯಲ್ಲಿ ಅವನ ಪಾಲು ಅರ್ಧ, ಅವನು ಹೋದ ಮೇಲೆ ಅದು ನನ್ನದು, ನಾನದನ್ನು ಭಾವನಿಗೆ ಬಿಟ್ಟುಕೊಟ್ಟರೆ ಅವರು ಹಣ ಕೊಡುತ್ತಾರೆ, ನಾನು ಈ ಮನೆಯಿಂದ ಹೊರಡುತ್ತೇನೆ. ನೋಡಮ್ಮ, ಇದರಲ್ಲಿ ನಿನಗೆ ಒಂದು ಪೈಸೆ ಮೋಸ ಇಲ್ಲ, ಬೇಕಿದ್ರೆ ನಿಮ್ಮ ಕಡೆಯವರಿಗೆ ತೋರಿಸು, ಎಂದಿದ್ದರು ಭಾವ. ಮೋಸ ಇಲ್ಲ, ನಿಜ, ಭಾವ ಒಳ್ಳೆಯವರು, ಕೆಟ್ಟವರಾಗಿದ್ದರೆ ಜಗಳವಾಡಿಯಾದರೂ ಮಾತು ಹೊರಬರುತ್ತಿತ್ತು. ಅಮ್ಮನದು ಫೋನಿನಲ್ಲಿ ದಿನಾ ಅದೇ ಮಾತು, ಸಹಿ ಹಾಕಿ ಬಂದ್ಬಿಡೇ, ಈ ವಯಸ್ಸಿಗೆ ಗೋಡೆ ನೋಡ್ಕೊಂಡು ಎಷ್ಟು ದಿನ ಕೂರ್ತೀಯ, ಅರ್ಧಕ್ಕೆ ಬಿಟ್ಟ ಓದನ್ನಾದ್ರೂ ಮುಗಿಸು. ಎಲ್ಲರೂ ಇದನ್ನು ದುಃಖ ಅಂದುಕೊಂಡಿದ್ದಾರೆ. ಮಾತಾಡದಿದ್ದರೆ ದುಃಖ, ಊಟ ಬಿಟ್ಟರೆ ದುಃಖ, ಅಂಗಡಿಯ ಕಡೆ ಕಾಲಿಡದಿದ್ದರೆ ದುಃಖ. ಹನ್ನೊಂದು ತಿಂಗಳಿನಿಂದ ನನಗಾಗುತ್ತಿರುವುದು ಭಯ. ಈ ಮನೆಯವರಿಗೆ ಗೊತ್ತಾಗುವ ಮೊದಲು ಹೊರಟುಬಿಡಬೇಕು, ಅದಕ್ಕೇ ಸಹಿ, ಬೇರೆ ಕಾರಣವಿಲ್ಲ. ಗುಂಡಿಯನ್ನು ಕಿಟಕಿಯಿಂದ ಎಸೆದುಬಿಡೋಣವೆಂದು ಬೆಳಿಗ್ಗೆ ಮೂರು ಸಲ ಎದ್ದು ಹೋದೆ, ಮೂರು ಸಲವೂ ಕಿಟಕಿಯ ಚಿಲಕ ಹಾಕಿಕೊಂಡು ಬಂದೆ.

ಏಣಿ ಬರುವುದು ಸಿನಿಮಾದಲ್ಲಿ ಒಂದು ಗಂಟೆಯಾದ ಮೇಲೆ. ಮಾವನಿಗೂ ಗೊತ್ತು, ಈ ಹಾಲಿನಲ್ಲಿ ಇದನ್ನು ಅವನ ಜೊತೆ ಎಷ್ಟು ಸಲ ನೋಡಿಲ್ಲ, ಆದರೂ ಚಾನೆಲ್ ಬದಲಾಯಿಸುತ್ತಿಲ್ಲ, ರಿಮೋಟು ಅವರ ಮೊಣಕಾಲ ಮೇಲೆ ಹಾಗೇ ಇದೆ. ಈಗ ಛತ್ರಿ ಕಂಪನಿಯ ಯಜಮಾನ ಮಗನನ್ನು ಬೈಯುತ್ತಿದ್ದಾನೆ, ಅಂಗಡಿಯಲ್ಲಿ ಛತ್ರಿ ಮಾರುವ ಹುಡುಗಿಯನ್ನು ಮಗ ಪ್ರೀತಿಸಿದ್ದಾನೆ, ಇನ್ನು ಕೈಖರ್ಚಿಗೆ ಕಾಸು ಕೊಡುವುದಿಲ್ಲ ಎನ್ನುತ್ತಾನೆ, ಮಗ ಎದುರಿನ ಸಾಲಿನಲ್ಲೇ ತನ್ನದೊಂದು ಛತ್ರಿ ಅಂಗಡಿ ತೆರೆಯುತ್ತಾನೆ. ಮಳೆಯ ಸುಳಿವಿಲ್ಲ, ಆದರೂ ಹುಡುಗನ ಛತ್ರಿಗಳು ಖಾಲಿಯಾಗುತ್ತಲೇ ಇರುತ್ತವೆ, ಕೊಳ್ಳುತ್ತಿರುವವನು ಅಪ್ಪನೇ, ಕೆಲಸದವರಿಗೆಲ್ಲ ಸುಳ್ಳು ಮೀಸೆ ಅಂಟಿಸಿ ಕಳಿಸುತ್ತಿದ್ದಾನೆ. ನಮ್ಮಪ್ಪ ಆಗಿದ್ರೆ ಮೀಸೆ ಖರ್ಚು ಯಾರ ಲೆಕ್ಕಕ್ಕೆ ಅಂತ ಕೇಳ್ತಿದ್ರು, ಎಂದಿದ್ದ ಅವನು, ಮಾವನಿಗೆ ಕೇಳಿಸುವ ಹಾಗೆ. ಮಾವ ಟಿವಿಯಿಂದ ಕಣ್ಣು ತೆಗೆಯದೆ, ನಿನ್ನ ಮುಖಕ್ಕೆ ಮೀಸೆ ದಂಡ, ಅಂದಿದ್ದರು. ಆಮೇಲೆ ಇಬ್ಬರೂ ನಕ್ಕಿರಲಿಲ್ಲ, ಒಬ್ಬರಿಗೊಬ್ಬರು ಸೋತ ಹಾಗಾಗುತ್ತದಲ್ಲ, ಅದಕ್ಕೆ. ನಾನೊಬ್ಬಳೇ ನಕ್ಕಿದ್ದೆ.

ಗುಂಡಿ ಅಂಗಡಿ. ನಾಲ್ಕಡಿ ಅಗಲದ ಬಾಗಿಲು, ಒಳಗೆ ಸುರಂಗದಂತೆ ಉದ್ದ, ಒಂದು ಪಕ್ಕದ ಗೋಡೆ ನೆಲದಿಂದ ಸೂರಿನವರೆಗೆ ರಟ್ಟಿನ ಡಬ್ಬಿಗಳೇ, ಎಲ್ಲವೂ ಒಂದೇ ಅಳತೆ, ಒಂದೇ ಬೂದು ಬಣ್ಣ, ಯಾವುದರ ಮೇಲೂ ಒಂದಕ್ಷರ ಬರೆದಿಲ್ಲ. ಅಂಗಡಿ ಹಾಕಿದ್ದು ಮಾವನ ಅಪ್ಪ, ಅವರಿಗೆ ಓದಲು ಬರುತ್ತಿರಲಿಲ್ಲ. ಒಳಗೇನಿದೆಯೋ ಅದರದೇ ಒಂದು ಗುಂಡಿಯನ್ನು ಡಬ್ಬಿಯ ಮುಂದೆ ಹೊಲಿದರು, ಅದು ಮುಖದ ಗುಂಡಿ. ಮಕ್ಕಳು ಮೊಮ್ಮಕ್ಕಳು ಓದಿದರು, ಡಬ್ಬಿಗಳು ಮಾತ್ರ ಹಾಗೇ ಉಳಿದವು. ಮುಖದ ಗುಂಡಿಯನ್ನು ದಾರ ಸಡಿಲ ಬಿಟ್ಟು ಹೊಲಿಯುತ್ತಾರೆ, ಹಿಂದೆ ಎರಡು ಬೆರಳ ತುದಿ ಹೋಗುವಷ್ಟು, ಯಾಕೆಂದರೆ ಹಿಡಿಯೂ ಅದೇ. ಡಬ್ಬಿಗಳ ನಡುವೆ ಕೂದಲು ತೂರುವಷ್ಟೂ ಜಾಗವಿಲ್ಲ, ಗುಂಡಿ ಹಿಡಿದು ಎಳೆದರಷ್ಟೇ ಈಚೆ ಬರುತ್ತವೆ. ಕೆಲಸಕ್ಕೆ ಸೇರಿದವರಿಗೆ ಮಾವ ಮೊದಲು ಹೇಳುತ್ತಿದ್ದದ್ದು, ಏಣಿ ಮೇಲಿದ್ದಾಗ ಒಂದು ಕೈ ಏಣೀಲಿ, ಒಂದು ಕೈ ಗುಂಡೀಲಿ, ಮೂರನೇ ಕೈ ಇದ್ರೆ ತಲೆ ಕೆರ್ಕೊಳ್ಳಿ. ಎರಡನೆಯದು, ಮುಖದ ಗುಂಡಿ ಮಾರೋದಿಲ್ಲ, ರಾಜನೇ ಬಂದು ಕೇಳಿದ್ರೂ. ನಾನು ರಾಜನಾಗಿರಲಿಲ್ಲ, ವಿಶ್ವವಿದ್ಯಾಲಯದ ಹಾಸ್ಟೆಲಿನ ಹುಡುಗಿ, ಅಮ್ಮನ ಹಳೆಯ ಕೋಟು, ಮೂರನೆಯ ಗುಂಡಿ ಉದುರಿಹೋಗಿತ್ತು. ಗಲ್ಲಾದಲ್ಲಿ ಅವನೊಬ್ಬನೇ ಇದ್ದ. ಕೋಟನ್ನು ಬೆಳಕಿಗೆ ಹಿಡಿದು ನೋಡಿ ಒಂದು ಡಬ್ಬಿ ತಂದ, ಕಂದು ಬಣ್ಣ, ನಾಲ್ಕು ತೂತು, ಅದೇ ಅಳತೆ, ಆದರೆ ಒಳಗಿನವು ಹೊಸ ಬೆಲ್ಲದ ಹಾಗೆ ಹೊಳೆಯುತ್ತಿದ್ದವು, ನನ್ನ ಕೋಟಿನವು ಬಿಸಿಲಿಗೆ ಮಾಸಿದ್ದವು, ಹೊಂದಲಿಲ್ಲ. ಪರವಾಗಿಲ್ಲ ಬಿಡಿ, ಎಂದೆ. ಅವನು ಬಿಡಲಿಲ್ಲ. ಡಬ್ಬಿ ಮುಚ್ಚಿದ, ಮುಖದ ಗುಂಡಿಯನ್ನು ನೋಡಿದ, ಅದೂ ಎಷ್ಟೋ ವರ್ಷ ಬೆಳಕಿಗೆ ಮೈಯೊಡ್ಡಿ ಮಾಸಿತ್ತು, ಅಮ್ಮನ ಕೋಟಿನಷ್ಟೇ. ಕತ್ತರಿ ಎಲ್ಲಿಟ್ಟಿದ್ದಾರೋ, ಎಂದು ಹುಡುಕಿದ, ಸಿಗಲಿಲ್ಲ, ಬಗ್ಗಿ ಡಬ್ಬಿಗೆ ಬಾಯಿ ತಾಗಿಸಿ ಹಲ್ಲಿನಿಂದ ದಾರ ಕಚ್ಚಿದ. ದೂರದಿಂದ ನೋಡಿದವರಿಗೆ ಡಬ್ಬಿಗೆ ಮುತ್ತು ಕೊಡುತ್ತಿದ್ದಾನೆ ಅನ್ನಿಸಬೇಕು. ಗುಂಡಿ ಕೈಗೆ ಬಂತು. ಎರಡು ದಾರದ ತುದಿಗಳು ರಟ್ಟಿನಿಂದ ಹೊರಗೆ ನಿಂತಿದ್ದವು, ಎಂಜಲಿಗೆ ಒದ್ದೆಯಾಗಿ. ಎಷ್ಟಾಯ್ತು? ಇದಕ್ಕೆ ಬೆಲೆ ಇಲ್ಲ ಕಣ್ರೀ, ಮಾರೋ ಹಾಗಿಲ್ಲ, ನಾಳೆ ಬಂದು ಸರಿಯಾಗಿ ಕೂತಿದೆಯಾ ಅಂತ ತೋರಿಸಿ ಹೋಗಿ.

ಹೋದೆ, ನಾಳೆಯೂ, ಅದರ ಮರುದಿನವೂ. ಓದಿದ ಹುಡುಗಿ ಗುಂಡಿ ಅಂಗಡಿಗೆ ಯಾಕೆ ಬರ್ತಾಳೆ, ಬಂದ್ರೂ ಎಷ್ಟು ದಿನ ಇರ್ತಾಳೆ, ಎಂದರಂತೆ ಮಾವ, ಅವನು ಮದುವೆಯ ಮಾತೆತ್ತಿದಾಗ, ಎಂಟು ತಿಂಗಳು ಮಗನ ಜೊತೆ ಮಾತು ಬಿಟ್ಟರು, ಬಿಟ್ಟರೂ ಒಂದು ಮಾತಿಗೆ ವಿನಾಯಿತಿ. ಬಂದ್ರು ನೋಡಿ ಹೀರೋ ಸಾಹೇಬ್ರು, ಆ ಡಬ್ಬಿ ಮೂಗು ಯಾರು ಕುಯ್ದಿದ್ದು ಅಂತ ಇವತ್ತಾದ್ರೂ ನೆನಪಾಯ್ತಾ? ನಂಗೇನು ಗೊತ್ತಪ್ಪ, ಇಲಿ ತಿಂದಿರ್ಬೇಕು. ಇಲಿ ಗುಂಡಿ ತಿನ್ನುತ್ತಾ? ನಮ್ಮ ಅಂಗಡಿ ಇಲಿಗೆ ಬೇರೇನು ಸಿಗುತ್ತಪ್ಪ ತಿನ್ನೋಕೆ. ಹಾಗಾದ್ರೆ ಆ ಇಲೀನೇ ಬಂದು ಹೊಲೀಲಿ, ಅಲ್ಲಿವರೆಗೂ ಅದನ್ನ ಯಾರೂ ಮುಟ್ಟಬೇಡಿ. ಮುಟ್ಟಲಿಲ್ಲ. ಮಾವ ಒಪ್ಪಿದರು, ಮದುವೆಯಾಯಿತು, ಮೂರು ವರ್ಷ ಆ ಡಬ್ಬಿ ಗುಂಡಿಯಿಲ್ಲದೆ ಇತ್ತು, ಕಣ್ಣೆದುರು ಇರಬೇಡ ಎಂದು ಭಾವ ಅದನ್ನು ಸೂರಿನ ಹತ್ತಿರದ ಸಾಲಿಗೆ ಏರಿಸಿದರು. ಒಪ್ಪಿಕೋ ಮಾರಾಯ, ಎರಡು ನಿಮಿಷದ ಕೆಲಸ, ಎಂದೆ. ಒಪ್ಪಿಕೊಂಡ್ರೆ ಸೊಸೆ ಬಂದಿದ್ದೇ ಅಂಗಡಿ ಮಾಲು ಹಾರಿಸ್ಕೊಂಡು ಅಂತಾರೆ ಕಣೇ, ಸಾಯೋವರೆಗೂ ಅಂತಾರೆ, ಎಂದ ಅವನು. ಯಾರು ಸಾಯುವವರೆಗೆ ಎಂದು ನಾನು ಕೇಳಲಿಲ್ಲ, ಯಾರು ಕೇಳುತ್ತಾರೆ ಅಂಥದ್ದನ್ನೆಲ್ಲ. ಆ ಕೋಟನ್ನು ನಾನು ಬಾಗಿಲ ಹಿಂದಿನ ಮೊಳೆಗೆ ದಿನಾ ತೂಗುಹಾಕುತ್ತಿದ್ದೆ, ಮಾವ ದಿನಾ ಆ ಬಾಗಿಲಿನಿಂದಲೇ ಓಡಾಡುತ್ತಿದ್ದರು.

ಈಗ ಹುಡುಗ ಏಣಿ ತರುತ್ತಿದ್ದಾನೆ. ಮೂರೂ ಮುಕ್ಕಾಲು. ಹುಡುಗಿಗೆ ಮೇಲಿನ ಸಾಲಿನ ಕೆಂಪು ಛತ್ರಿ ಬೇಕು, ಕೆಂಪು ಎಂದು ಅವಳ ಬಾಯಿ ಹೇಳುತ್ತದೆ, ನಮಗೆ ಕಾಣುವುದು ಬೂದು. ಅವನಂತೂ ಇಲ್ಲಿಂದಲೇ ನಗಲು ಶುರುಮಾಡುತ್ತಿದ್ದ, ಹುಡುಗ ಇನ್ನೂ ಒಂದನೇ ಮೆಟ್ಟಿಲು ಹತ್ತಿರುವುದಿಲ್ಲ, ಬೀಳ್ತಾನೆ ನೋಡು, ಬೀಳ್ತಾನೆ ನೋಡು. ಮಾವ ಅಲ್ಲಾಡುತ್ತಿಲ್ಲ. ಎದ್ದು ಹೋಗಬಹುದು ನಾನು, ನೀರು ಬೇಕಾ ಮಾವ ಎಂದು ಕೇಳಬಹುದು, ಮುಷ್ಟಿಯೊಳಗೆ ಗುಂಡಿಯನ್ನು ಒತ್ತಿ ಹಿಡಿಯುತ್ತೇನೆ. ಹನ್ನೊಂದು ತಿಂಗಳ ಹಿಂದೆ, ಅವತ್ತು ಅಂಗಡಿಯಿಂದ ಮಾವ ಊಟಕ್ಕೆ ಮನೆಗೆ ಹೋಗಿದ್ದರು, ಭಾವ ಹಿಂದಿನ ಕೋಣೆಯಲ್ಲಿ. ಒಬ್ಬ ಮುದುಕಿ, ಮೊಮ್ಮಗನ ಶಾಲೆಯ ಕೋಟಿಗೆ ಆರು ಗುಂಡಿ, ಕಂದು, ನಾಲ್ಕು ತೂತಿನದು. ಅವನು ನನ್ನತ್ತ ನೋಡಿ ಕಣ್ಣು ಮಿಟುಕಿಸಿದ, ನಮ್ಮ ಇಲಿ ಡಬ್ಬಿಗೆ ಗಿರಾಕಿ ಬಂದ್ರು ಕಣೇ. ಹತ್ತಿದ. ನಾನು ಕೆಳಗೆ ನಿಂತು ಎರಡೂ ಕೈ ಚಾಚಿದೆ, ಡಬ್ಬಿ ಇಸಿದುಕೊಳ್ಳಲು. ಒಂದು ಕೈ ಏಣಿಯಲ್ಲಿತ್ತು, ಇನ್ನೊಂದು ಕೈಗೆ ಹಿಡಿಯಲು ಗುಂಡಿ ಇರಲಿಲ್ಲ, ಉಗುರಿನಿಂದ ಕೆರೆದ, ಬರಲಿಲ್ಲ, ಏಣಿಯ ಕೈಯನ್ನೂ ಬಿಟ್ಟು ಡಬ್ಬಿಯ ಎರಡೂ ಪಕ್ಕ ರಟ್ಟು ಅಮುಕಿ ಬೆರಳು ತೂರಿಸಿ ಎಳೆದ. ಡಬ್ಬಿ ಒಮ್ಮೆಗೇ ಈಚೆ ಬಂತು. ಬಿದ್ದದ್ದೂ ಥೇಟ್ ಇವನ ಹಾಗೇ, ಈಗ ಟಿವಿಯಲ್ಲಿ ಬೀಳುತ್ತಿರುವ ಇವನ ಹಾಗೇ, ಬೆನ್ನು ಹಿಂದಕ್ಕೆ, ಕೈ ಎರಡೂ ಮುಂದಕ್ಕೆ, ಮುಖದಲ್ಲಿ ಒಂಥರಾ ಆಶ್ಚರ್ಯ, ಮತ್ತು ನನ್ನ ಬಾಯಿಂದ ನಗು ಬಂತು. ಬಂತು. ಒಂದು ಕ್ಷಣ, ಪೂರ್ತಿ ನಗುವೂ ಅಲ್ಲ, ಅವನು ಎದ್ದು ಟೋಪಿಯ ಧೂಳು ಕೊಡವುತ್ತಾನೆಂದು ಕಾಯುವ ನಗು. ಇವನು ಎದ್ದ, ಛತ್ರಿಗಳ ರಾಶಿಯ ಮೇಲೆ ಬಿದ್ದವನು ಎದ್ದ, ಟೋಪಿ ಕೊಡವಿದ, ಹುಡುಗಿಗೆ ಕೆಂಪು ಛತ್ರಿ ಕೊಟ್ಟ. ಕೆಳಗೆ ಛತ್ರಿಗಳಿರಲಿಲ್ಲ ನಮ್ಮಲ್ಲಿ, ಗಲ್ಲಾದ ಮೂಲೆ ಇತ್ತು. ಮೂರು ದಿನ ಆಸ್ಪತ್ರೆ. ಹೇಗಾಯ್ತಮ್ಮ, ಎಂದು ಭಾವ ಕೇಳಿದಾಗ, ಏಣಿ ಜಾರಿತು, ಎಂದೆ. ಎರಡೇ ಪದ. ಮುದುಕಿ ಮತ್ತೆ ಈ ಕಡೆ ಬರಲಿಲ್ಲ. ಭಾವ ಆ ಏಣಿಗೆ ಬೂಟುಗಾಲಿನಲ್ಲಿ ಒದ್ದರು, ಗುಜರಿಯವನಿಗೆ ಬಿಟ್ಟಿ ಕೊಟ್ಟರು, ಏನೂ ತಪ್ಪು ಮಾಡದ ಏಣಿ ಗಾಡಿಯಲ್ಲಿ ಅಂಗಾತ ಮಲಗಿ ಬೀದಿಯ ತುದಿಯವರೆಗೆ ಹೋಗುವುದನ್ನು ನೋಡುತ್ತ ನಿಂತಿದ್ದೆ.

ಟಿವಿ ಆಫ್ ಆಯಿತು. ಮಾವ ಮಾಡಿದರು. ಗೋದಾಮಿನ ಬಾಗಿಲು ತೆರೆದು ಅಪ್ಪನ ಮೈಮೇಲೆ ಛತ್ರಿಗಳೆಲ್ಲ ಸುರಿಯುವುದು ಇನ್ನೂ ಬಾಕಿ ಇತ್ತು. ಎದ್ದರು, ಒಳಗೆ ಹೋದರು, ಬೀರು ತೆರೆದ ಸದ್ದು, ಬಟ್ಟೆಯ ಚೀಲವೊಂದನ್ನು ತಂದು ಮೇಜಿನ ಮೇಲಿಟ್ಟರು, ಕಾಗದದ ಪಕ್ಕ, ಅದರೊಳಗಿನಿಂದ ಬೂದು ಡಬ್ಬಿ ಹೊರಬಂತು. ಏಣಿ ಜಾರಿರಲಿಲ್ಲ ಅಲ್ವಾಮ್ಮ, ಎಂದರು. ಆ ಏಣಿ ನಲವತ್ತು ವರ್ಷ ಜಾರಿಲ್ಲ, ಕಾಲಿಗೆ ರಬ್ಬರು ನಾನೇ ಕಟ್ಟಿದ್ದು. ಡಬ್ಬಿ ನೆಲದ ಮೇಲೆ ಬಿದ್ದಿತ್ತಲ್ಲ, ನೋಡಿದ ತಕ್ಷಣ ಗೊತ್ತಾಯ್ತು. ಮೂರು ವರ್ಷ ಕಣಮ್ಮ. ಕಿತ್ತವನೇ ಹೊಲೀಲಿ ಅಂತ ಹಠ. ನನಗೆ ಎರಡು ನಿಮಿಷ ಸಾಕಾಗ್ತಿತ್ತು. ಮಾವ, ಗುಂಡಿ — ಎಂದೆ. ನಿನ್ನ ಕೋಟಿನ ಮೂರನೇದು, ಎಂದರು, ನೀನು ಮೊದಲ ಸಲ ಈ ಮನೆ ಬಾಗಿಲಿಗೆ ಬಂದು ನಿಂತಾಗಲೇ ನೋಡಿದೆ. ಹುಟ್ಟಿದಾಗಿಂದ ಗುಂಡಿ ನೋಡ್ತಿರೋ ಕಣ್ಣು ಇದು, ಇಲಿ ಯಾವುದು ಅಂತ ಗೊತ್ತಾಗಲ್ವಾ? ಅವನ ಬಾಯಲ್ಲಿ ಕೇಳ್ಬೇಕಿತ್ತು, ಅಷ್ಟೆ. ಒಂದೇ ಒಂದು ಸಲ. ಅವರಿಗೆ ಅಳು ಬರಲಿಲ್ಲ, ನನಗೂ ಬರಲಿಲ್ಲ. ಹಾಗಾದರೆ ಗೊತ್ತಿತ್ತು, ನಾನು ಹನ್ನೊಂದು ತಿಂಗಳು ಬಚ್ಚಿಟ್ಟದ್ದು ಬೀರುವಿನೊಳಗಿತ್ತು, ಒಂದೇ ಸೂರಿನ ಕೆಳಗೆ ಇಬ್ಬರೂ ಒಂದೇ ತಪ್ಪನ್ನು ನನ್ನದು ನನ್ನದೆಂದು ಬೇರೆ ಬೇರೆ ಕೋಣೆಗಳಲ್ಲಿ ಇಟ್ಟುಕೊಂಡಿದ್ದೆವು. ನಕ್ಕದ್ದೊಂದು ಅವರಿಗೆ ಗೊತ್ತಿಲ್ಲ. ಅದನ್ನು ಯಾವತ್ತಾದರೂ ಹೇಳಬೇಕು, ಇಲ್ಲೇ ಇದ್ದರೆ ಹೇಳಬಹುದು. ಸಹಿ ಹಾಕೋದು ಬಿಡೋದು ನಿನಗೆ ಬಿಟ್ಟಿದ್ದಮ್ಮ, ದೊಡ್ಡವನು ಸರಿಯಾಗೇ ಬರೆಸಿದಾನೆ. ಇದನ್ನ ಮಾತ್ರ ಹೀಗೇ ಬಿಟ್ಟು ಹೋಗ್ಬೇಡ, ನನ್ನ ಕೈ ನಡುಗುತ್ತೆ. ಜೇಬಿನಿಂದ ಸೂಜಿ ತೆಗೆದಿಟ್ಟರು, ದಾರದ ಉಂಡೆ ತೆಗೆದಿಟ್ಟರು. ಮುಷ್ಟಿ ಬಿಚ್ಚಿದೆ, ಗುಂಡಿ ಬೆವರಿಗೆ ಅಂಟಿಕೊಂಡಿತ್ತು. ಪೆನ್ನಿನ ಮುಚ್ಚಳ ತೆಗೆಯಲಿಲ್ಲ, ಸಹಿ ಹಾಕುವ ಕಾರಣವೇ ಹೊರಟುಹೋಗಿತ್ತು, ಸೂಜಿ ಎತ್ತಿಕೊಂಡೆ. ಬಾಗಿಲ ಗಂಟೆ ಬಾರಿಸಿತು, ನಾಲ್ಕಾಗಿರಬೇಕು, ಮಾವ ಏಳಲಿಲ್ಲ, ನಾನೂ ಏಳಲಿಲ್ಲ, ಮತ್ತೆ ಬಾರಿಸಿತು, ಅಪ್ಪಾ ಬಾಗಿಲು ತೆಗೀರಿ, ಭಾವನ ದನಿ, ಡಬ್ಬಿಯನ್ನು ನನ್ನತ್ತ ತಿರುಗಿಸಿಕೊಂಡೆ, ಮುಖದಲ್ಲಿ ಎರಡು ದಾರದ ತುದಿಗಳು ಹಾಗೇ ನಿಂತಿವೆ, ಕತ್ತರಿ ತಾಗಿದ್ದರೆ ಸಮವಾಗಿರುತ್ತಿದ್ದವು, ಇವು ಚಪ್ಪಟೆಯಾಗಿ, ಎಳೆ ಬಿಚ್ಚಿಕೊಂಡು, ಹಲ್ಲು ಕೂತ ಜಾಗದಲ್ಲಿ ಸ್ವಲ್ಪ ಬಾಗಿ, ಹೊಸ ದಾರ ಹಾಕಬೇಕಾದರೆ ಮೊದಲು ಇವನ್ನು ಎಳೆದು ತೆಗೆಯಬೇಕು, ಉಗುರಲ್ಲಿ ಹಿಡಿದೆ, ಎಳೆಯಬೇಕು, ಅವನು ಕಚ್ಚಿದ ದಾರ, ಎಳೆಯಬೇಕು, ಕಚ್ಚಿದ ದಾರ